ಅಮೆರಿಕದಲ್ಲಿ ಕಾಲ್ಚೆಂಡಾಟದ ಮನ್ನಣೆ : ಒಂದು ಚಾರಿತ್ರಿಕ ವಿಚಾರ

೧೮೬೯ನೆಯ ಇಸವಿ ನವೆಂಬರ್ ತಿಂಗಳ ೬ನೆಯ ತಾರೀಖು ಶನಿವಾರ, ನ್ಯೂಜೆರ್ಸಿ ಸಂಸ್ಥಾನದ ನ್ಯೂ ಬ್ರನ್ಸ್‌ವಿಕ್ ಪಟ್ಟಣದಲ್ಲಿ, ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ವಿದ್ಯಾರ್ಥಿಗಳು ಪಕ್ಷವೊಂದಕ್ಕೆ ಇಪ್ಪತ್ತೈದು ಮಂದಿಯಂತೆ ಎದುರುಬದುರಾಗಿ ನಿಂತು ಚೆಂಡಾಟವೊಂದನ್ನು ಆಡಿದರು. ರಟ್ಗರ್ಸಿನವರು ಆರಕ್ಕೆ ನಾಲ್ಕರಂತೆ ಗೆದ್ದರು. ಅಮೆರಿಕದವರು ‘ಫುಟ್‌ಬಾಲ್’ ಎಂದು ಇಂದು ಯಾವುದನ್ನು ಕರೆಯುವರೋ, ಶಿರಸ್ತ್ರಾಣ ಕವಚಗಳನ್ನು ತೊಟ್ಟು ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆ ಆಟಕ್ಕೆ ಈ ದಿನವೇ ಜನ್ಮದಿನವೆಂದು ಅವರ ಕ್ರೀಡಾಚರಿತ್ರೆಗಳಲ್ಲಿ ಬರೆದಿರುವುದನ್ನು ಕಾಣುತ್ತೇವೆ. ಆದರೆ ಅಂದಿನ ನಿಯಮಗಳನ್ನು ನೋಡಿದರೆ ವಿಷಯವು ಬೇರೆಯೇ ಆಗಿ ತೋರುತ್ತದೆ. ಚೆಂಡು ದುಂಡಾದುದು, ಅದನ್ನು ಹಿಡಿದು ಓಡುವುದಾಗಲಿ ಎಸೆಯುವುದಾಗಲಿ ನಿಷಿದ್ಧ, ಎದುರಾಳಿಗಳ ಗೋಲಿನೊಳಗೆ ಅದನ್ನು ಒದೆದು ಸೇರಿಸಿದವರಿಗೆ ಒಂದು ಅಂಕ. ೧೮೬೩ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಫುಟ್‌ಬಾಲ್ ಅಸೋಸಿಯೇಷನ್ನಿನ ಕಟ್ಟಳೆಗಳನ್ನೇ ಈ ಹುಡುಗರು ಅನುಸರಿಸಿ ತಮಗೆ ಬೇಕಾದಂತೆ ಕೊಂಚ ಮಾರ್ಪಡಿಸಿಕೊಂಡಿದ್ದರು. ಎಂದರೆ, ಯಾವ ಆಟವನ್ನು ಅಮೆರಿಕದ ಕ್ರೀಡಾಪ್ರಿಯರು ನೂರು ವರ್ಷಕ್ಕೂ ಮಿಗಿಲಾಗಿ ಪರದೇಶದ ಆಟವೆಂದು ಹೀನೈಸುತ್ತ ಬಂದರೋ, ಅದಕ್ಕೆ ಬಹಳ ಸಮೀಪವಾದ ಆಟದಿಂದಲೇ ತಮ್ಮ ಸ್ವದೇಶದ ಆಟದ ಜಾತಕವನ್ನು ಬರೆದುಕೊಂಡಿದ್ದಾರೆ.

ಈ ವಿಪರ್ಯಾಸವೇ ಪ್ರಕೃತ ಲೇಖನಕ್ಕೆ ಪ್ರೇರಕವಾದುದು. ಜಗತ್ತಿನ ಬಹುಭಾಗದಲ್ಲಿ ಜನಸಾಮಾನ್ಯರ ಪ್ರೀತಿಗೆ ಪಾತ್ರವಾದ ಆಟವು ಅಮೆರಿಕದಲ್ಲಿ ಮಾತ್ರ ಏಕೆ ಮನ್ನಣೆಯಿಲ್ಲದೆ ತೊಳಲಿತು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಆಟದ ಸ್ವಭಾವವನ್ನು ಕುರಿತದ್ದು. ಗೋಲುಗಳು ಕಡಮೆ, ಒಂದೂವರೆ ಗಂಟೆ ಓಡಾಡಿದರೂ ಕೊನೆಗೆ ಸೋಲುಗೆಲುವಿಲ್ಲದೆ ಮುಗಿಯಬಹುದು, ಕೈಯನ್ನು ಬಳಸುವಂತಿಲ್ಲ, ಅಂಕಿ ಅಂಶಗಳಿಗೆ ಅವಕಾಶವಿಲ್ಲ, ಆದುದರಿಂದ ಚುರುಕುಬುದ್ಧಿಯ ಅಮೆರಿಕನ್ನರಿಗೆ ಇದು ಒಗ್ಗದು ಎಂಬುದು ಆ ವಾದ. ಒಂದು ಜನಾಂಗದ ಸ್ವಭಾವವನ್ನು ಮೊದಲು ಕಲ್ಪಿಸಿಕೊಂಡು ಆಮೇಲೆ ಅದರಿಂದ ಚರಿತ್ರೆಯನ್ನು ನಿಗಮಿಸುವ ಈ ಪದ್ಧತಿಯನ್ನು ಸಾಹಿತ್ಯಚರಿತ್ರೆಯಲ್ಲಿಯೂ ನಾವು ಕಂಡಿದ್ದೇವೆ. ಅಲ್ಲಿ ಅದು ಎಷ್ಟು ನೆಚ್ಚತಕ್ಕದ್ದೋ ಇಲ್ಲಿಯೂ ಅಷ್ಟೇ. ನಡೆದ ಸಂಗತಿಗಳನ್ನು ಕ್ರಮವಾಗಿ ನೋಡಿದರೆ ಬೇರೆ ಕಾರಣಗಳು ಕಂಡುಬರುತ್ತವೆ.

ಮೊದಲು ಹೆಸರಿನ ವಿಚಾರ. ನಾವು ಕನ್ನಡದಲ್ಲಿ ಫುಟ್‌ಬಾಲ್ ಎಂದೋ ಕಾಲ್ಚೆಂಡು ಎಂದೋ ಹೇಳುವ ಆಟಕ್ಕೆ ಅಮೆರಿಕದಲ್ಲಿ ‘ಸಾಕರ್’ ಎಂದು ಹೆಸರು. ಇದು ಅಮೆರಿಕನ್ನರು ಹುಟ್ಟಿಸಿದ ಅಪಶಬ್ದವೆಂದು ಇಂಗ್ಲೆಂಡಿನವರು ಈಚೆಗೆ ಪರಿಹಾಸ ಮಾಡುವುದುಂಟು. ವಸ್ತುತಃ ಇದು ಇಂಗ್ಲೆಂಡಿನ ವಿದ್ಯಾರ್ಥಿಗಳ ಆಡುನುಡಿಯಲ್ಲಿ ೧೮೮೦ರ ದಶಕದ ಸುಮಾರಿಗೆ ಹುಟ್ಟಿದ ಶಬ್ದ. ‘ಅಸೋಸಿಯೇಷನ್’ ಎಂಬುದರ ನಡುವಿನ ತುಣುಕನ್ನು ಹಿಡಿದು ‘ಅರ್’ ಪ್ರತ್ಯಯವನ್ನು ಹಚ್ಚಿದರೆ ಸಾಕರ್. ರಗ್ಬಿಯಿಂದ ರಗ್ಗರ್ ಆದುದೂ ಹೀಗೆಯೇ. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಇಂಗ್ಲೆಂಡಿನ ಪತ್ರಿಕೆಗಳೂ ಪುಸ್ತಕಗಳೂ ಈ ಶಬ್ದವನ್ನು ಸಂಕೋಚವಿಲ್ಲದೆ ಬಳಸುತ್ತಿದ್ದುವೆಂಬುದನ್ನೂ, ಅಮೆರಿಕದಲ್ಲಿ ಅದು ಬಲವಾಗಿ ರೂಢಿಗೆ ಬಂದ ಮೇಲೆಯೇ ಅವು ಅದನ್ನು ಬಿಟ್ಟುವೆಂಬುದನ್ನೂ ಸ್ಟೆಫಾನ್ ಷಿಮಾನ್ಸ್ಕಿ ಎಂಬ ವಿದ್ವಾಂಸರು ತೋರಿಸಿದ್ದಾರೆ. ಅಮೆರಿಕದ ಆಟಗಾರರಾದರೂ ಈ ಹೆಸರನ್ನು ಬಯಸಿ ತೆಗೆದುಕೊಂಡವರಲ್ಲ. ೧೯೧೩ರಲ್ಲಿ ಅವರು ಸ್ಥಾಪಿಸಿದ ರಾಷ್ಟ್ರೀಯ ಸಂಸ್ಥೆಯ ಹೆಸರು ಯುನೈಟೆಡ್ ಸ್ಟೇಟ್ಸ್ ಫುಟ್‌ಬಾಲ್ ಅಸೋಸಿಯೇಷನ್ ಎಂದಿತ್ತು. ೧೯೪೫ರಲ್ಲಿ ಅದರೊಳಗೆ ‘ಸಾಕರ್’ ಶಬ್ದವನ್ನು ಸೇರಿಸಿ ‘ಸಾಕರ್ ಫುಟ್‌ಬಾಲ್’ ಎಂದು ಮಾಡಿದರು. ೧೯೭೪ರಲ್ಲಿ ‘ಫುಟ್‌ಬಾಲ್’ ಎಂಬುದನ್ನೂ ಬಿಟ್ಟುಕೊಟ್ಟು ‘ಸಾಕರ್ ಫೆಡರೇಷನ್’ ಎಂದಾಯಿತು. ಮನೆಯ ಹಿರಿಯ ಹೆಸರನ್ನು ದಾಯಾದಿಗೆ ಒಪ್ಪಿಸಿ ಹೊರಗೆ ಬರುವುದಕ್ಕೆ ಅರುವತ್ತು ವರ್ಷ ಹಿಡಿಯಿತೆಂದು ಇದನ್ನು ಓದಬಹುದು.

ಆ ದಾಯಾದಿಯ ಹುಟ್ಟನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ೧೮೭೩ರ ಅಕ್ಟೋಬರಿನಲ್ಲಿ ಯೇಲ್, ಕೊಲಂಬಿಯಾ, ಪ್ರಿನ್ಸ್‌ಟನ್, ರಟ್ಗರ್ಸ್ ಈ ನಾಲ್ಕು ಕಾಲೇಜುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಕಲೆತು ಎಲ್ಲರಿಗೂ ಸಮಾನವಾದ ನಿಯಮಗಳನ್ನು ಗೊತ್ತುಮಾಡಿದರು. ಅವು ಲಂಡನ್ನಿನ ಅಸೋಸಿಯೇಷನ್ ಆಟಕ್ಕೆ ಹತ್ತಿರವಾದುವು. ಹಾರ್ವರ್ಡಿನವರು ಈ ಸಭೆಗೆ ಬರಲಿಲ್ಲ. ಅವರಲ್ಲಿ ‘ಬಾಸ್ಟನ್ ಆಟ’ವೆಂಬ ಬೇರೊಂದು ರೂಢಿ ಇದ್ದಿತು; ಅದರಲ್ಲಿ ಚೆಂಡನ್ನು ಕೈಯಲ್ಲಿ ಎತ್ತಿಕೊಳ್ಳುವುದಕ್ಕೆ ಅವಕಾಶವಿದ್ದಿತು. ಆಡುವುದಕ್ಕೆ ನೆರೆಯ ಕಾಲೇಜುಗಳಿಲ್ಲದೆ ಹಾರ್ವರ್ಡಿನವರು ೧೮೭೪ರ ಮೇ ತಿಂಗಳಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದವರನ್ನು ಬರಮಾಡಿಕೊಂಡರು. ಒಂದು ದಿನ ತಮ್ಮ ರೀತಿ, ಮರುದಿನ ಅತಿಥಿಗಳ ರಗ್ಬಿ ರೀತಿ ಎಂದು ಒಪ್ಪಂದವಾಯಿತು. ರಗ್ಬಿಯು ಹಾರ್ವರ್ಡಿನವರ ಮನಸ್ಸನ್ನು ಸೆಳೆದುಬಿಟ್ಟಿತು. ಮರುವರ್ಷ ಯೇಲ್ ಅವರೊಡನೆ ಸಂಧಾನ ಮಾಡಿಕೊಂಡು ಮಿಶ್ರ ನಿಯಮಗಳಿಂದ ಆಡಿ ಸೋತಿತು. ಸೋತ ಮೇಲೆ ಗೆದ್ದವರ ಆಟವನ್ನೇ ಹಿಡಿಯಿತು. ೧೮೭೬ರ ನವೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡಿನ ಮ್ಯಾಸಸಾಯಿಟ್ ಹೌಸ್ ಎಂಬ ಹೋಟಲಿನಲ್ಲಿ ಸೇರಿದ ಸಭೆಯಲ್ಲಿ ಪ್ರಿನ್ಸ್‌ಟನ್ ಕೊಲಂಬಿಯಾಗಳೂ ಅದೇ ದಾರಿಗೆ ಬಂದುವು. ೧೮೮೦ರಿಂದ ಮುಂದೆ ಯೇಲಿನ ವಾಲ್ಟರ್ ಕ್ಯಾಂಪ್ ಎಂಬಾತನು ಆ ರಗ್ಬಿಯನ್ನು ತಿದ್ದಿ ತಿದ್ದಿ ಸಂಪೂರ್ಣವಾಗಿ ಅಮೆರಿಕದ್ದಾದ ಆಟವನ್ನು ನಿರ್ಮಿಸಿದನು.

ಈ ಮೂರು ವರ್ಷಗಳ ವೃತ್ತಾಂತದಲ್ಲಿ ಪ್ರೇಕ್ಷಕನ ಅಭಿರುಚಿಯಾಗಲಿ ಜನಾಂಗದ ಸ್ವಭಾವವಾಗಲಿ ಎಲ್ಲಿಯೂ ಕಾಣುವುದಿಲ್ಲ. ಬೆರಳೆಣಿಕೆಯ ಕೆಲವು ವಿದ್ಯಾಶಾಲೆಗಳ ಪರಸ್ಪರ ಪೈಪೋಟಿ, ಹಾರ್ವರ್ಡಿನ ಹಟ, ಅದರೊಡನೆ ಆಡಬೇಕೆಂಬ ಮಿಕ್ಕವರ ಹಂಬಲ, ಇಷ್ಟೇ ಇಲ್ಲಿರುವುದು. ಆದರೆ ಪರಿಣಾಮವು ಬಹು ದೊಡ್ಡದಾಯಿತು. ಆ ಕಾಲದಲ್ಲಿ ಪತ್ರಿಕೆಗಳ ಗಮನ, ಸಿರಿವಂತರ ಪೋಷಣೆ, ವಿದ್ಯಾವಂತರ ಅಭಿಮಾನ, ಇವೆಲ್ಲವೂ ಕಾಲೇಜುಗಳ ಸುತ್ತಲೇ ಬೆಳೆದುಕೊಂಡುವು. ಅಸೋಸಿಯೇಷನ್ ಆಟವು ಆ ಆವರಣದಿಂದ ಹೊರಬಿದ್ದಿತು.

ಹೊರಬಿದ್ದ ಆಟ ಸಾಯಲಿಲ್ಲ. ಅದು ಗಿರಣಿಗಳಲ್ಲಿ ಆಶ್ರಯ ಪಡೆಯಿತು. ನ್ಯೂಜೆರ್ಸಿಯ ಕರ್ನಿಯಲ್ಲಿ ಸ್ಕಾಟ್ಲೆಂಡಿನಿಂದ ಬಂದ ದಾರದ ಕಾರ್ಖಾನೆಯ ಕೆಲಸಗಾರರು, ಮ್ಯಾಸಚೂಸೆಟ್ಸಿನ ಫಾಲ್ ರಿವರಿನಲ್ಲಿ ಲ್ಯಾಂಕಷೈರಿನಿಂದ ಬಂದ ಹತ್ತಿ ನೂಲುವವರು, ತಮ್ಮೊಡನೆ ತಂದಿದ್ದ ಆಟವನ್ನು ಬಿಡುವಿನ ವೇಳೆಯಲ್ಲಿ ಆಡಿದರು. ೧೮೮೪ರಲ್ಲಿ ಅಮೆರಿಕನ್ ಫುಟ್‌ಬಾಲ್ ಅಸೋಸಿಯೇಷನ್ ಎಂಬ ಸಂಘವು ಹುಟ್ಟಿ ಮರುವರ್ಷದಿಂದ ಅಮೆರಿಕನ್ ಕಪ್ ಎಂಬ ಪಾರಿತೋಷಕವನ್ನು ಏರ್ಪಡಿಸಿತು. ಮೊದಲ ಮೂರು ವರ್ಷವೂ ಅದನ್ನು ಗೆದ್ದವರು ಕ್ಲಾರ್ಕ್ ದಾರದ ಕಂಪೆನಿಯ ತಂಡದವರು. ಆ ತಂಡಕ್ಕೆ ಓ. ಎನ್. ಟಿ. ಎಂದು ಹೆಸರು; ‘ನಮ್ಮ ಹೊಸ ದಾರ’ ಎಂಬರ್ಥದ ಇಂಗ್ಲಿಷು ಮಾತುಗಳ ಮೊದಲಕ್ಷರಗಳಿಂದಾದ ಈ ಹೆಸರು ಕಂಪೆನಿಯ ವ್ಯಾಪಾರದ ಮುದ್ರೆಯೂ ಆಗಿತ್ತು. ದಾರದುಂಡೆಯ ಮೇಲಿನ ಗುರುತು ಒಂದು ತಂಡದ ಬಿರುದಾದುದು ಆಟದ ಸಾಮಾಜಿಕ ಸ್ಥಾನವನ್ನು ತಾನಾಗಿಯೇ ಹೇಳುತ್ತದೆ.

ಇಲ್ಲಿಂದ ಮುಂದೆ ‘ಪರದೇಶಿ ಆಟ’ವೆಂಬ ಹಣೆಪಟ್ಟಿ ಅಂಟಿಕೊಂಡಿತು. ಇದೇ ಕಾಲದಲ್ಲಿ ಬೇಸ್‌ಬಾಲಿನವರು ತಮ್ಮ ಆಟಕ್ಕೊಂದು ಸ್ಥಳಪುರಾಣವನ್ನು ರಚಿಸಿಕೊಳ್ಳುತ್ತಿದ್ದುದು ಗಮನಾರ್ಹವಾಗಿದೆ. ಕ್ರೀಡಾಸಾಮಗ್ರಿಗಳ ವ್ಯಾಪಾರಿಯಾದ ಸ್ಪಾಲ್ಡಿಂಗನ ಒತ್ತಾಯದಿಂದ ನೇಮಕವಾದ ಸಮಿತಿಯೊಂದು ೧೯೦೭ರಲ್ಲಿ, ಆ ಆಟವನ್ನು ೧೮೩೯ರಲ್ಲಿ ಕೂಪರ್ಸ್‌ಟೌನಿನಲ್ಲಿ ಅಬ್ನರ್ ಡಬಲ್‌ಡೇ ಎಂಬಾತನು ಕಂಡುಹಿಡಿದನೆಂದು ತೀರ್ಪುಕೊಟ್ಟಿತು. ಬೇಸ್‌ಬಾಲಿಗೂ ಇಂಗ್ಲೆಂಡಿನಲ್ಲಿ ಹಳೆಯ ಬೇರುಗಳಿವೆಯೆಂದೂ ಡಬಲ್‌ಡೇಯ ಕಥೆ ನಿರಾಧಾರವೆಂದೂ ಈಗ ಎಲ್ಲ ಚರಿತ್ರಕಾರರೂ ಒಪ್ಪಿದ್ದಾರೆ. ಆದರೆ ಪುರಾಣದ ಪ್ರಯೋಜನ ಸತ್ಯದಿಂದ ಆಗತಕ್ಕದ್ದಲ್ಲವಷ್ಟೆ. ಹುಟ್ಟಿನಲ್ಲಿ ಸಾಕರಿನಷ್ಟೇ ಪರದೇಶದ್ದಾದ ಆಟವೊಂದು ರಾಷ್ಟ್ರದ ಸ್ವತ್ತಾಯಿತು. ಪುರಾಣವನ್ನು ಬರೆಸಿಕೊಳ್ಳಲು ಅನುಕೂಲವಿಲ್ಲದ ಗಿರಣಿಯವರ ಆಟ ಹೊರಗೆ ಉಳಿಯಿತು.

ನಡುವೆ ಎರಡು ಅವಕಾಶಗಳು ಬಂದು ಹೋದುವು. ೧೮೯೪ರಲ್ಲಿ ಬೇಸ್‌ಬಾಲ್ ತಂಡಗಳ ಒಡೆಯರು ಚಳಿಗಾಲದಲ್ಲಿ ಖಾಲಿ ಬೀಳುವ ತಮ್ಮ ಮೈದಾನಗಳಿಂದ ಹಣ ಮಾಡುವ ಉದ್ದೇಶದಿಂದ ವೃತ್ತಿಪರ ಸಾಕರ್ ಲೀಗೊಂದನ್ನು ಆರಂಭಿಸಿದರು. ಅದಕ್ಕೆ ಒಂದು ತಿಂಗಳೂ ತುಂಬಲಿಲ್ಲ. ೧೯೦೫ರಲ್ಲಿ ಕಾಲೇಜು ಫುಟ್‌ಬಾಲಿನಲ್ಲಿ ಆಟಗಾರರು ಗಾಯಗೊಂಡು ಸಾಯುತ್ತಿದ್ದುದು ದೊಡ್ಡ ಗುಲ್ಲಾಗಿ, ಅಧ್ಯಕ್ಷ ರೂಸ್‌ವೆಲ್ಟರೇ ಕಾಲೇಜಿನವರನ್ನು ಕರೆಯಿಸಿ ಮಾತನಾಡಬೇಕಾಯಿತು. ಅದೇ ಋತುವಿನಲ್ಲಿ ಇಂಗ್ಲೆಂಡಿನ ‘ಪಿಲ್‌ಗ್ರಿಮ್ಸ್’ ತಂಡವು ಅಮೆರಿಕದಲ್ಲಿ ಸಂಚರಿಸಿ ಆಡಿ ತೋರಿಸಿತು. ಆದರೆ ಕಾಲೇಜಿನವರು ತಮ್ಮ ಆಟವನ್ನು ತ್ಯಜಿಸಲಿಲ್ಲ. ನಿಯಮಗಳನ್ನು ಸುಧಾರಿಸಿಕೊಂಡು ಉಳಿಸಿಕೊಂಡರು.

ಆಂಡ್ರೈ ಮಾರ್ಕೋವಿಟ್ಸ್ ಮತ್ತು ಸ್ಟೀವನ್ ಹೆಲ್ಲರ್‌ಮನ್ ಎಂಬ ವಿದ್ವಾಂಸರು ೨೦೦೧ರಲ್ಲಿ ಪ್ರಕಟಿಸಿದ ‘ಆಫ್‌ಸೈಡ್’ ಎಂಬ ಗ್ರಂಥದಲ್ಲಿ ಈ ಸಮಸ್ಯೆಯನ್ನು ಪಾಂಡಿತ್ಯದಿಂದ ಚರ್ಚಿಸಿದ್ದಾರೆ. ಪ್ರತಿಯೊಂದು ಕೈಗಾರಿಕಾ ಸಮಾಜದಲ್ಲಿಯೂ ಆಟಗಳಿಗೆ ಪರಿಮಿತವಾದ ಜಾಗವಿರುವುದು. ಸುಮಾರು ೧೮೭೦ರಿಂದ ೧೯೩೦ರೊಳಗೆ ಅದು ತುಂಬಿಹೋಗುವುದು. ಅಮೆರಿಕದಲ್ಲಿ ಬೇಸ್‌ಬಾಲೂ ಫುಟ್‌ಬಾಲೂ, ಅನಂತರ ಬ್ಯಾಸ್ಕೆಟ್‌ಬಾಲೂ ಹಾಕಿಯೂ ಅದನ್ನು ಆಕ್ರಮಿಸಿದುದರಿಂದ ಸಾಕರಿಗೆ ಎಡೆಯಿಲ್ಲವಾಯಿತು ಎಂಬುದು ಅವರ ಸಿದ್ಧಾಂತದ ಸಾರ. ಸ್ವಭಾವವಾದಕ್ಕಿಂತ ಇದು ಎಷ್ಟೋ ಮೇಲು. ಆದರೂ ೧೯೨೦ರ ದಶಕವನ್ನು ನೋಡಿದರೆ ಇದರಿಂದ ಪೂರ್ಣ ಸಮಾಧಾನವಾಗುವುದಿಲ್ಲವೆಂದು ನಮ್ಮ ಅಭಿಪ್ರಾಯ.

೧೯೨೧ರಲ್ಲಿ ಅಮೆರಿಕನ್ ಸಾಕರ್ ಲೀಗ್ ಸ್ಥಾಪಿತವಾಯಿತು. ಪೆನ್ಸಿಲ್ವೇನಿಯದ ಬೆತ್ಲಹೆಮ್ ಉಕ್ಕಿನ ಕಾರ್ಖಾನೆಯ ತಂಡವು ಅಷ್ಟರೊಳಗೆ ರಾಷ್ಟ್ರೀಯ ಚಾಲೆಂಜ್ ಕಪ್ಪನ್ನು ನಾಲ್ಕು ಸಲ ಗೆದ್ದು ಹೆಸರುವಾಸಿಯಾಗಿತ್ತು. ಕಾರ್ಖಾನೆಯಲ್ಲಿ ಕೆಲಸ, ಅದರ ಜೊತೆಗೆ ಆಟದ ಸಂಬಳ ಎಂಬ ಆಸೆ ತೋರಿಸಿ ಸ್ಕಾಟ್ಲೆಂಡಿನ ಉತ್ತಮ ಆಟಗಾರರನ್ನು ಕರೆತರುತ್ತಿದ್ದರು. ಅಲ್ಲಿಯ ಕ್ಲಬ್ಬುಗಳವರು ಇದನ್ನು ‘ಅಮೆರಿಕದ ಪಿಡುಗು’ ಎಂದು ಕರೆದು ದೂರತೊಡಗಿದರು. ಫಾಲ್ ರಿವರಿನಲ್ಲಿ ಸ್ಯಾಮ್ ಮಾರ್ಕ್ ಎಂಬಾತನು ‘ಮಾರ್ಕ್ಸ್‌ಮೆನ್’ ಎಂಬ ತಂಡವನ್ನು ಕಟ್ಟಿ ಅದಕ್ಕೊಂದು ಕ್ರೀಡಾಂಗಣವನ್ನು ನಿರ್ಮಿಸಿದನು. ಭಾನುವಾರ ಆಟವಾಡುವುದಕ್ಕೆ ಮ್ಯಾಸಚೂಸೆಟ್ಸಿನ ಕಾನೂನು ಅಡ್ಡಿಯಾಗಿದ್ದಿತು. ಗಿರಣಿಯ ಕೂಲಿಗಾರನಿಗೆ ಬಿಡುವು ಸಿಗುವುದಾದರೋ ಭಾನುವಾರವೇ. ಆದುದರಿಂದ ಮಾರ್ಕನು ಸಂಸ್ಥಾನದ ಗಡಿಯನ್ನು ದಾಟಿ, ರೋಡ್ ಐಲೆಂಡಿಗೆ ಸೇರಿದ ಟಿವರ್ಟನ್ನಿನಲ್ಲಿ ತನ್ನ ಅಂಗಣವನ್ನು ಕಟ್ಟಿಸಿದನು. ೧೯೨೬ರ ಮೇ ೧ರಂದು ವಿಯೆನ್ನಾ ನಗರದ ಹಕೋವಾ ತಂಡದ ಆಟವನ್ನು ನೋಡಲು ನ್ಯೂಯಾರ್ಕಿನ ಪೋಲೊ ಗ್ರೌಂಡ್ಸಿನಲ್ಲಿ ೪೬,೦೦೦ ಜನ ನೆರೆದರು. ಅಮೆರಿಕದ ಮಣ್ಣಿನಲ್ಲಿ ಈ ಆಟಕ್ಕೆ ಇಷ್ಟು ಜನ ಮತ್ತೆ ಸೇರಿದುದು ಅರ್ಧ ಶತಮಾನದ ಮೇಲೆ. ಎಡೆಯೇ ಇಲ್ಲದ ಕಡೆ ಇಷ್ಟೆಲ್ಲ ಹೇಗೆ ಸಂಭವಿಸಿತು?

ಆ ಏಳಿಗೆಯನ್ನು ಕೆಡಿಸಿದುದು ಒಳಜಗಳ. ಋತುವಿನ ನಡುವೆ ಚಾಲೆಂಜ್ ಕಪ್ಪಿನ ಪಂದ್ಯಗಳನ್ನು ಆಡಬೇಕಾಗಿದ್ದುದು ಲೀಗಿನ ಒಡೆಯರಿಗೆ ಹಿಡಿಸಲಿಲ್ಲ. ಅವರಲ್ಲಿ ಬೇಸ್‌ಬಾಲಿನಿಂದ ಬಂದವರಿಗೆ ಹೊರಗಿನ ಸಂಸ್ಥೆಯೊಂದರ ಅಧಿಕಾರಕ್ಕೆ ತಲೆಬಾಗುವುದೇ ಅಪರಿಚಿತವಾದ ಸಂಗತಿ. ೧೯೨೮ರಲ್ಲಿ ಲೀಗು ತನ್ನ ತಂಡಗಳು ಕಪ್ಪಿಗೆ ಸೇರಕೂಡದೆಂದು ಆಜ್ಞೆಮಾಡಿತು. ಬೆತ್ಲಹೆಮ್ ಮೊದಲಾದ ಮೂರು ತಂಡಗಳು ಆಜ್ಞೆಯನ್ನು ಮೀರಿದುವು. ಲೀಗು ಅವನ್ನು ಹೊರಹಾಕಿತು. ರಾಷ್ಟ್ರೀಯ ಸಂಸ್ಥೆಯು ಲೀಗನ್ನೇ ಬಹಿಷ್ಕರಿಸಿ ಪ್ರತಿಲೀಗೊಂದರ ಸ್ಥಾಪನೆಗೆ ನೆರವಾಯಿತು. ‘ಸಾಕರ್ ಯುದ್ಧ’ವೆಂದು ಪ್ರಸಿದ್ಧವಾದ ಈ ಕಲಹವು ೧೯೨೯ರ ಅಕ್ಟೋಬರಿನಲ್ಲಿ ರಾಜಿಯಾಯಿತು. ಅದೇ ತಿಂಗಳಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಮುಂದೆ ಗಿರಣಿಗಳು ಮುಚ್ಚಿದುವು, ಗಿರಣಿಗಳೊಂದಿಗೆ ತಂಡಗಳೂ. ೧೯೩೦ರಲ್ಲಿ ಬೆತ್ಲಹೆಮ್ ತಂಡವಿಲ್ಲ. ೧೯೩೩ರಲ್ಲಿ ಆ ಲೀಗೂ ಇಲ್ಲ. ಅದೇ ೧೯೩೦ರಲ್ಲಿ ಉರುಗ್ವೆಯಲ್ಲಿ ನಡೆದ ಮೊದಲನೆಯ ವಿಶ್ವಕಪ್ಪಿನಲ್ಲಿ ಅಮೆರಿಕದ ತಂಡವು ಬೆಲ್ಜಿಯಂ ಪರಾಗ್ವೆಗಳನ್ನು ತಲಾ ೩-೦ರಿಂದ ಸೋಲಿಸಿ ಉಪಾಂತ್ಯದವರೆಗೆ ಏರಿದುದನ್ನು ಸ್ವದೇಶದಲ್ಲಿ ಗಮನಿಸಿದವರು ವಿರಳ. ಪರಾಗ್ವೆಯ ಮೇಲೆ ಮೂರು ಗೋಲುಗಳನ್ನು ಹೊಡೆದ ಫಾಲ್ ರಿವರಿನ ಬರ್ಟ್ ಪ್ಯಾಟನೋಡನದು ವಿಶ್ವಕಪ್ಪಿನ ಮೊದಲ ‘ಹ್ಯಾಟ್ರಿಕ್’ ಎಂದು ಅಂತರರಾಷ್ಟ್ರೀಯ ಸಂಸ್ಥೆ ಒಪ್ಪಿಕೊಂಡುದು ೨೦೦೬ರಲ್ಲಿ. ಆಗ ಅವನು ತೀರಿಕೊಂಡು ಮೂವತ್ತು ವರ್ಷಗಳೇ ಕಳೆದಿದ್ದುವು.

ಮನ್ನಣೆಯಿಲ್ಲದಿರುವುದೆಂದರೆ ಏನೆಂಬುದಕ್ಕೆ ೧೯೫೦ರ ಪ್ರಸಂಗಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ. ಭಾರತ ತಂಡವು ಅರ್ಹತೆ ಪಡೆದೂ ಹೋಗದೆ ಉಳಿದ ಆ ವಿಶ್ವಕಪ್ಪಿನಲ್ಲಿ, ಜೂನ್ ೨೯ರಂದು ಬ್ರೆಜಿಲಿನ ಬೆಲೊ ಹೊರಿಜೊಂಟೆಯಲ್ಲಿ, ಅಮೆರಿಕದವರು ಇಂಗ್ಲೆಂಡನ್ನು ೧-೦ರಿಂದ ಸೋಲಿಸಿದರು. ಗೋಲು ಕಾಯ್ದ ಫ್ರಾಂಕ್ ಬೋರ್ಗಿ ಶವವಾಹನ ನಡೆಸುತ್ತಿದ್ದವನು. ಫಿಲಡೆಲ್ಫಿಯದ ಶಾಲಾಮಾಸ್ತರ ವಾಲ್ಟರ್ ಬಾರ್ ಹೊಡೆದ ಚೆಂಡಿಗೆ ತಲೆಯೊಡ್ಡಿ ಗೋಲು ಮಾಡಿದವನು ಹೈಟಿ ದೇಶದ ಜೋ ಗೆಟ್ಜೆನ್ಸ್. ಕೊಲಂಬಿಯಾದಲ್ಲಿ ಓದುತ್ತ, ಹೊಟ್ಟೆಪಾಡಿಗಾಗಿ ಹೋಟಲಿನಲ್ಲಿ ತಟ್ಟೆ ತೊಳೆಯುತ್ತಿದ್ದ ತರುಣ. ಅಲ್ಲಿದ್ದ ಅಮೆರಿಕದ ಪತ್ರಿಕಾವರದಿಗಾರ ಒಬ್ಬನೇ, ಸೇಂಟ್ ಲೂಯಿಸಿನ ಡೆಂಟ್ ಮೆಕ್‌ಸ್ಕಿಮಿಂಗ್. ಆತನೂ ರಜೆ ಪಡೆದು ತನ್ನ ಖರ್ಚಿನಲ್ಲಿ ಹೋಗಿದ್ದವನು. ಈ ಫಲಿತಾಂಶ ಬಂದಾಗ ಇಂಗ್ಲೆಂಡಿನ ಪತ್ರಿಕೆಗಳು ಅಚ್ಚಿನ ತಪ್ಪೆಂದು ಭಾವಿಸಿ ಇಂಗ್ಲೆಂಡಿಗೆ ೧೦-೧ರ ಜಯವೆಂದು ಮುದ್ರಿಸಿದುವೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಹುಡುಕಿದವರಿಗೆ ಅಂಥ ಪತ್ರಿಕೆ ಯಾವುದೂ ದೊರೆತಿಲ್ಲ. ಗೆಟ್ಜೆನ್ಸ್ ತನ್ನ ದೇಶಕ್ಕೆ ಮರಳಿ, ೧೯೬೪ರ ಜುಲೈಯಲ್ಲಿ ಡುವಾಲಿಯೇ ಸರ್ವಾಧಿಕಾರಿಯ ಭಟರ ಕೈಗೆ ಸಿಕ್ಕಿದನು. ಮತ್ತೆ ಅವನನ್ನು ಕಂಡವರಿಲ್ಲ.

೧೯೬೮ರಲ್ಲಿ ಆರಂಭವಾದ ಉತ್ತರ ಅಮೆರಿಕನ್ ಸಾಕರ್ ಲೀಗಿನ ಕಥೆ ಹೆಚ್ಚು ಪರಿಚಿತವಾದುದು, ಹೆಚ್ಚು ಹೇಳಬೇಕಿಲ್ಲ. ಮೊದಲ ವರ್ಷ ಹದಿನೇಳು ತಂಡಗಳು, ಮರುವರ್ಷ ಐದು. ೧೯೭೫ರಲ್ಲಿ ಪೆಲೆ ಬಂದು ನ್ಯೂಯಾರ್ಕಿನ ಕಾಸ್ಮಾಸ್ ತಂಡವನ್ನು ಸೇರಿದ ಮೇಲೆ ಜನ ಹರಿದುಬಂದರು. ೧೯೭೭ರ ಆಗಸ್ಟ್ ೧೪ರಂದು ಒಂದೇ ಪಂದ್ಯಕ್ಕೆ ೭೭,೬೯೧ ಮಂದಿ. ತಂಡಗಳು ಇಪ್ಪತ್ತನಾಲ್ಕಕ್ಕೆ ಏರಿ, ಹಣ ಕರಗಿ, ೧೯೮೪ರ ಋತುವಿನೊಡನೆ ಎಲ್ಲವೂ ಮುಗಿಯಿತು. ಇಲ್ಲಿ ನಾವು ನೋಡಬೇಕಾದುದು ಮತ್ತೊಂದು: ಆ ಲೀಗಿನವರು ಆಟಕ್ಕೆ ತೊಡಿಸಿದ ವೇಷ. ಸಮಬಲದ ಫಲಿತಾಂಶವನ್ನು ನಿಷೇಧಿಸಿ, ಮೂವತ್ತೈದು ಗಜದಿಂದ ಓಡಿಬಂದು ಗೋಲು ಹೊಡೆಯುವ ಸ್ಪರ್ಧೆಯಿಂದ ಗೆಲುವನ್ನು ನಿರ್ಣಯಿಸಿದರು. ಆಫ್‌ಸೈಡಿಗೆ ಹೊಸ ಗೆರೆ ಎಳೆದರು. ಗಡಿಯಾರವನ್ನು ಹಿಂದುಮುಂದಾಗಿ ತೊಂಬತ್ತರಿಂದ ಸೊನ್ನೆಗೆ ಓಡಿಸಿದರು. ‘ನಮ್ಮದು ನಿಮ್ಮ ಆಟದಂತೆಯೇ ಇದೆ, ನೋಡಿ’ ಎಂದು ನೆರೆಯವರನ್ನು ಬೇಡಿಕೊಳ್ಳುವವನಿಗೆ ನೆರೆಯವರು ಗೌರವ ಕೊಟ್ಟುದು ಎಲ್ಲಿಯೂ ಇಲ್ಲ. ೧೯೯೬ರಲ್ಲಿ ಹುಟ್ಟಿದ ಮೇಜರ್ ಲೀಗ್ ಸಾಕರ್ ಕೂಡ ಮೊದಲು ಇದೇ ತಪ್ಪನ್ನು ಮಾಡಿ, ಕೆಲವು ವರ್ಷಗಳ ಮೇಲೆ ಈ ಕಟ್ಟಳೆಗಳನ್ನು ಕೈಬಿಟ್ಟಿತು. ಅದರ ನಿಜವಾದ ಬೆಳೆವಣಿಗೆ ಆಮೇಲಿನದು.

ಈ ನಡುವೆ ತಿರಸ್ಕಾರದ ಕಾರಣವೇ ಬದಲಾಗಿದ್ದಿತು. ೧೯೬೦ರ ದಶಕದಿಂದೀಚೆಗೆ ನಗರಗಳ ಹೊರವಲಯದ ಅನುಕೂಲಸ್ಥರ ಮಕ್ಕಳು ಲಕ್ಷಗಟ್ಟಲೆ ಈ ಆಟವನ್ನು ಆಡತೊಡಗಿದರು. ೧೯೯೬ರ ಚುನಾವಣೆಯ ಹೊತ್ತಿಗೆ ‘ಸಾಕರ್ ತಾಯಂದಿರು’ ಎಂಬುದು ಮತದಾರರ ಒಂದು ವರ್ಗದ ಹೆಸರೇ ಆಯಿತು. ಕೂಲಿಗಾರ ವಲಸೆಗಾರರ ಆಟವೆಂದು ಹಿಂದೆ ಹಳಿದವರು ಈಗ ಅನುಕೂಲಸ್ಥರ ಮಕ್ಕಳಾಟವೆಂದು ಹಳಿದರು. ೧೯೮೬ರಲ್ಲಿ ಅಮೆರಿಕದ ಪ್ರತಿನಿಧಿಸಭೆಯಲ್ಲಿ, ಹಿಂದೆ ಫುಟ್‌ಬಾಲ್ ಆಡುತ್ತಿದ್ದ ಜ್ಯಾಕ್ ಕೆಂಪ್ ಎಂಬ ಸದಸ್ಯರು ವಿಶ್ವಕಪ್ಪನ್ನು ಆಹ್ವಾನಿಸುವ ಠರಾವನ್ನು ವಿರೋಧಿಸುತ್ತ, ಫುಟ್‌ಬಾಲು ಪ್ರಜಾಪ್ರಭುತ್ವದ ಬಂಡವಾಳಶಾಹಿ ಆಟ, ಸಾಕರು ಯೂರೋಪಿನ ಸಮಾಜವಾದಿ ಆಟ ಎಂಬರ್ಥದ ಮಾತನಾಡಿದರು. ಅರ್ಧ ವಿನೋದದ ಮಾತೆಂದು ಆಮೇಲೆ ಅವರೇ ಹೇಳಿಕೊಂಡುದುಂಟು. ಆದರೂ ೧೯೯೪ರ ವಿಶ್ವಕಪ್ ಅಲ್ಲಿಯೇ ನಡೆದು, ಪ್ರೇಕ್ಷಕರ ಒಟ್ಟು ಸಂಖ್ಯೆ ಮೂವತ್ತೈದು ಲಕ್ಷವನ್ನು ಮೀರಿತು. ಪಂದ್ಯಗಳ ಸಂಖ್ಯೆ ಹೆಚ್ಚಿದ ಮೇಲೂ ೨೦೨೨ರವರೆಗಿನ ಯಾವ ವಿಶ್ವಕಪ್ಪೂ ಅದನ್ನು ದಾಟಲಿಲ್ಲ. ಕೂಲಿಗಾರನದೆಂದು ಒಮ್ಮೆ, ಸಿರಿವಂತನದೆಂದು ಒಮ್ಮೆ, ಹೆಂಗಸರದೆಂದು ಮತ್ತೊಮ್ಮೆ, ಹೀಗೆ ಒಂದಕ್ಕೊಂದು ವಿರುದ್ಧವಾದ ಕಾರಣಗಳಿಂದ ಒಂದೇ ಆಟವು ನಿಂದಿತವಾಗಿರುವಾಗ, ದೋಷವನ್ನು ಆಟದಲ್ಲಿ ಹುಡುಕುವುದು ಯುಕ್ತವಲ್ಲ.

ಹೆಂಗಸರ ಮಾತು ಬಂದುದರಿಂದ ಅದನ್ನೂ ಹೇಳಬೇಕು. ೧೯೭೨ರ ಶಿಕ್ಷಣ ಶಾಸನದ ‘ಒಂಬತ್ತನೆಯ ಪ್ರಕರಣ’ವು ಸರಕಾರದ ಸಹಾಯಧನ ಪಡೆಯುವ ವಿದ್ಯಾಶಾಲೆಗಳಲ್ಲಿ ಲಿಂಗಭೇದವನ್ನು ನಿಷೇಧಿಸಿತು. ಕಾಲೇಜುಗಳು ವಿದ್ಯಾರ್ಥಿನಿಯರಿಗೆ ತಂಡಗಳನ್ನು ಕಟ್ಟಬೇಕಾಯಿತು. ಅಲ್ಲಿ ಹಾರ್ವರ್ಡಿನ ಹಳೆಯ ಹಟವಾಗಲಿ ಫುಟ್‌ಬಾಲಿನ ಅಡ್ಡಿಯಾಗಲಿ ಇರಲಿಲ್ಲ. ಸಾಕರ್ ಸರಾಗವಾಗಿ ನೆಲೆಗೊಂಡಿತು. ೧೯೯೧ರಲ್ಲಿ ಚೀನದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪನ್ನು ಅಮೆರಿಕದವರು ಗೆದ್ದರು. ೧೯೯೯ರ ಜುಲೈ ೧೦ರಂದು ಕ್ಯಾಲಿಫೋರ್ನಿಯದ ರೋಸ್ ಬೌಲಿನಲ್ಲಿ ಚೀನದ ಎದುರು ಅವರು ಆಡಿದ ಅಂತಿಮ ಪಂದ್ಯಕ್ಕೆ ೯೦,೧೮೫ ಮಂದಿ ಬಂದರು. ಅಂದು ಎರಡು ಪಕ್ಷವೂ ಒಂದು ಗೋಲನ್ನೂ ಹೊಡೆಯಲಿಲ್ಲ. ಪೆನಾಲ್ಟಿ ಒದೆತಗಳಿಂದ ಜಯ ನಿರ್ಣಯವಾಯಿತು. ಗೋಲಿಲ್ಲದ ಆಟವನ್ನು ಅಮೆರಿಕನ್ನರು ನೋಡಲಾರರೆಂಬ ವಾದಿಗಳು ಈ ದಿನವನ್ನು ಹೇಗೆ ವಿವರಿಸುವರೋ ತಿಳಿಯದು. ಇಷ್ಟಾಗಿಯೂ ಆ ತಂಡದವರು ಸಮಾನ ವೇತನಕ್ಕಾಗಿ ೨೦೧೯ರಲ್ಲಿ ತಮ್ಮ ರಾಷ್ಟ್ರೀಯ ಸಂಸ್ಥೆಯ ಮೇಲೆಯೇ ದಾವೆ ಹೂಡಬೇಕಾಯಿತು. ೨೦೨೨ರಲ್ಲಿ ಅದು ೨ ಕೋಟಿ ೪೦ ಲಕ್ಷ ಡಾಲರುಗಳಿಗೆ ರಾಜಿಯಾಯಿತು.

ಕೊನೆಗೆ ವಾಲ್ಟರ್ ಬಾರನ ವಿಷಯ. ಇಂಗ್ಲೆಂಡನ್ನು ಸೋಲಿಸಿ ಊರಿಗೆ ಮರಳಿದ ಆತನು ಪುನಃ ಶಾಲೆಯಲ್ಲಿ ಪಾಠ ಹೇಳಿದನು, ಮುಂದೆ ಕಾಲೇಜಿನಲ್ಲಿ ಹುಡುಗರಿಗೆ ಸಾಕರ್ ಕಲಿಸಿದನು. ೧೯೬೪ರಲ್ಲಿ ಹಂಗೆರಿ ಮೂಲದ ಪೀಟ್ ಗೊಗೊಲಾಕ್ ಎಂಬಾತನು ಸಾಕರಿನ ರೀತಿಯಲ್ಲಿ ಪಾದದ ಒಳಬದಿಯಿಂದ ಚೆಂಡನ್ನು ಒದೆಯುವ ಪದ್ಧತಿಯನ್ನು ವೃತ್ತಿಪರ ಅಮೆರಿಕನ್ ಫುಟ್‌ಬಾಲಿಗೆ ತಂದ ಮೇಲೆ, ಅಂಥ ಕಾಲುಗಳಿಗೆ ಅಲ್ಲಿ ಬೆಲೆ ಬಂದಿತು. ಬಾರನ ಮಕ್ಕಳಾದ ಕ್ರಿಸ್ ಮತ್ತು ಮ್ಯಾಟ್ ತಂದೆಯಿಂದ ಕಲಿತ ಒದೆತವನ್ನು ಆ ಆಟಕ್ಕೆ ಕೊಂಡೊಯ್ದು, ತಲಾ ಎರಡು ಸಲ ‘ಸೂಪರ್ ಬೌಲ್’ ಗೆದ್ದ ತಂಡಗಳಲ್ಲಿದ್ದರು. ದೇಶದ ಬಹುಮಂದಿ ಕ್ರೀಡಾಪ್ರಿಯರು ಬಾರ್ ಎಂಬ ಹೆಸರನ್ನು ಅರಿತುದು ಈ ಮಕ್ಕಳ ಮೂಲಕವೇ. ಬೆಲೊ ಹೊರಿಜೊಂಟೆಯಲ್ಲಿ ಆಡಿದ ಆ ಹನ್ನೊಂದು ಮಂದಿಯಲ್ಲಿ ಕೊನೆಯವನಾಗಿ ಉಳಿದಿದ್ದ ಆತನು ೨೦೧೮ರ ಜೂನ್ ತಿಂಗಳಲ್ಲಿ, ವಿಶ್ವಕಪ್ ನಡೆಯುತ್ತಿದ್ದಾಗ ತೀರಿಕೊಂಡನು. ಆ ವರ್ಷದ ಪಂದ್ಯಾವಳಿಗೆ ಅಮೆರಿಕದ ತಂಡ ಅರ್ಹತೆ ಪಡೆದಿರಲಿಲ್ಲ.